ನಿಮ್ಮ ಆ್ಯಪ್ ಒಳಗೇ ಗ್ರಾಫ್ ಕೂರಿಸಿ: ಟಿಕಿಂಟರ್ ಜೊತೆ ಮ್ಯಾಟ್‌ಪ್ಲಾಟ್‌ಲಿಬ್

ಗ್ರಾಫ್ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಇದ್ದರೆ ಪೈಥಾನ್‌ನಲ್ಲಿ ಗ್ರಾಫ್ ಬರೆಯೋದು ಕಷ್ಟವೇನಲ್ಲ. ಪ್ಲಾಟ್ ಅಂದರೆ ಗೆರೆ ಬಂತು, ಶೋ ಅಂದರೆ ವಿಂಡೋ ತೆರೆದುಕೊಂಡಿತು. ತಲೆನೋವು ಶುರುವಾಗೋದು ನಾವೇ ಟಿಕಿಂಟರ್‌ನಲ್ಲಿ (ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡುವ ಲೈಬ್ರರಿ) ಒಂದು ಆ್ಯಪ್ ಮಾಡಿ, ಅದರಲ್ಲಿ ಬಟನ್ನು, ಆಯ್ಕೆ ಪಟ್ಟಿ ಎಲ್ಲ ಇಟ್ಟು, ಗ್ರಾಫ್ ಕೂಡ ಅದೇ ವಿಂಡೋದಲ್ಲಿ ಬರಲಿ ಅಂತ ಹೊರಟಾಗ. ಗ್ರಾಫ್ ಇನ್ನೊಂದು ವಿಂಡೋದಲ್ಲಿ ಎದ್ದು ನಿಲ್ಲುತ್ತದೆ. ಶೋ ಕರೆದ ಫಂಕ್ಷನ್ ಅದನ್ನು ಮುಚ್ಚುವ ತನಕ ವಾಪಸ್ ಬರುವುದಿಲ್ಲ. ಕೆಲವೊಮ್ಮೆ ಆ್ಯಪ್ ಮುಚ್ಚಿದ ಮೇಲೂ ಟರ್ಮಿನಲ್‌ನಲ್ಲಿ ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ, ಕಂಟ್ರೋಲ್ ಸಿ ಒತ್ತಿ ನಿಲ್ಲಿಸಬೇಕು.

ಇದೆಲ್ಲದರ ಬುಡದಲ್ಲಿ ಇರೋದು ಒಂದೇ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನಾವೆಲ್ಲ ಮೊದಲು ಕಲಿಯುವ ಪೈಪ್ಲಾಟ್ ಅನ್ನೋ ಭಾಗ ತಾನೇ ವಿಂಡೋ ಮಾಡಿಕೊಳ್ಳುತ್ತದೆ, ತಾನೇ ಈವೆಂಟ್ ಲೂಪ್ (ಕ್ಲಿಕ್, ಕೀಲಿಗಳಿಗೆ ಕಾಯುತ್ತ ಕೂರುವ ಸುತ್ತು) ಓಡಿಸುತ್ತದೆ, ಮಾಡಿದ ಪ್ರತಿ ಚಿತ್ರವನ್ನೂ ತನ್ನ ಪಟ್ಟಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ನೋಟ್‌ಬುಕ್‌ನಲ್ಲಿ ಇದು ಅನುಕೂಲ. ಆ್ಯಪ್‌ನಲ್ಲಿ ಹಾಗಲ್ಲ, ಅಲ್ಲಿ ವಿಂಡೋನೂ ಲೂಪೂ ಟಿಕಿಂಟರ್‌ದು. ಒಂದೇ ಎತ್ತಿನ ಮೂಗುದಾರವನ್ನು ಇಬ್ಬರು ಹಿಡಿದ ಹಾಗಾಗುತ್ತದೆ. ಹಾಗಾಗಿ ಈ ಲೇಖನದ ಉದ್ದಕ್ಕೂ ಒಂದೇ ಕಟ್ಟುನಿಟ್ಟು: ಆ್ಯಪ್‌ನ ಕೋಡಿನಲ್ಲಿ ಪೈಪ್ಲಾಟ್ ಇಂಪೋರ್ಟ್ ಆಗಲೇಬಾರದು. ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಅಂದಹಾಗೆ ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದೇ ಇಂಥ ಕೆಲಸದಿಂದ. ಅಮೆರಿಕದ ನರವಿಜ್ಞಾನಿ ಜಾನ್ ಹಂಟರ್ ಅವರಿಗೆ ಮೂರ್ಛೆರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಒಂದು ಆ್ಯಪ್ ಬೇಕಿತ್ತು. ಮ್ಯಾಟ್‌ಲ್ಯಾಬ್‌ನಲ್ಲಿ ಮಾಡಿದ್ದು ಸಾಲದೆ ಪೈಥಾನ್‌ಗೆ ಬಂದರು, ಅಲ್ಲಿ ಒಗ್ಗುವ ಗ್ರಾಫ್ ಲೈಬ್ರರಿ ಸಿಗದೆ ತಾವೇ ಬರೆದರು. 2003ರಲ್ಲಿ ಮೊದಲ ಆವೃತ್ತಿ ಬಂತು. ಅವರು ಹಾಕಿಕೊಂಡಿದ್ದ ಷರತ್ತುಗಳಲ್ಲಿ, ಬೇರೆ ಆ್ಯಪ್‌ನ ಒಳಗೆ ಕೂರಿಸಲು ಬರಬೇಕು ಅನ್ನೋದೂ ಒಂದು. ಅಂದರೆ ನಾವು ಮಾಡಹೊರಟಿರುವುದು ಅಡ್ಡದಾರಿಯಲ್ಲ, ಅದಕ್ಕಂತಲೇ ಇಟ್ಟಿರುವ ಬಾಗಿಲು.

ಯಾವ ಆ್ಯಪ್ ಮಾಡೋಣ

ಸೈನ್ ತರಂಗ ಬರೆದು ತೋರಿಸುವ ಉದಾಹರಣೆಗಳು ಬೇಕಾದಷ್ಟಿವೆ. ಅವುಗಳಲ್ಲಿ ನಿಜವಾದ ತೊಂದರೆ ಒಂದೂ ಬರೋದಿಲ್ಲ, ಅದೇ ಅವುಗಳ ತೊಂದರೆ. ನಾವು ಜಲಾಶಯದ ನೀರಿನ ಮಟ್ಟ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನವೂ ಬರುತ್ತದೆ, ಕಾವೇರಿ ಕೊಳ್ಳದ ನಾಲ್ಕು ಹೆಸರು ಎಲ್ಲರಿಗೂ ಗೊತ್ತು. ಗರಿಷ್ಠ ಮಟ್ಟ ಕೆಆರ್‌ಎಸ್‌ಗೆ 124.80 ಅಡಿ, ಕಬಿನಿಗೆ 2284 ಅಡಿ, ಹೇಮಾವತಿಗೆ 2922, ಹಾರಂಗಿಗೆ 2859.

ದಿನಾಂಕ, ಜಲಾಶಯ, ಮಟ್ಟ ಎಂದು ಮೂರು ಕಾಲಂ ಇರುವ ಒಂದು ಸಿಎಸ್‌ವಿ ಫೈಲ್ ಮಾಡಿಕೊಳ್ಳಿ. ಆ್ಯಪ್‌ನಲ್ಲಿ ಮೇಲೆ ಜಲಾಶಯ ಆರಿಸುವ ಪಟ್ಟಿ, ಕೆಳಗೆ ಗ್ರಾಫ್. ಗ್ರಾಫ್‌ನಲ್ಲಿ ನೀರಿನ ಮಟ್ಟದ ಗೆರೆ, ಜೊತೆಗೆ ಗರಿಷ್ಠ ಮಟ್ಟಕ್ಕೆ ಒಂದು ತುಂಡು ಗೆರೆ. ಇಷ್ಟು ಸಾಕು.

ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಟಿಕಿಂಟರ್‌ನವುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು, ಕ್ಲಾಸ್ ಹೆಸರಿನ ಪ್ರತಿ ಪದ ದೊಡ್ಡಕ್ಷರದಿಂದ ಶುರುವಾಗುತ್ತದೆ, ಫಂಕ್ಷನ್ ಹೆಸರುಗಳೆಲ್ಲ ಸಣ್ಣಕ್ಷರ. ನಿಮ್ಮ ಸ್ವಂತ ವೇರಿಯಬಲ್‌ಗಳಿಗೆ ಮಾತ್ರ ಪೈಥಾನ್ 3ರಲ್ಲಿ ಕನ್ನಡ ಹೆಸರು ನಿಜಕ್ಕೂ ನಡೆಯುತ್ತದೆ. ಮಟ್ಟ = 124.80 ಅಂತ ಬರೆದರೆ ಏನೂ ತಕರಾರಿಲ್ಲ. ಆದರೆ ಒತ್ತಕ್ಷರ ಬಿಡಿಸಲು ನಾವು ಹಾಕುವ ಕಣ್ಣಿಗೆ ಕಾಣದ ಕ್ಯಾರೆಕ್ಟರ್ ಹೆಸರಿನಲ್ಲಿ ಸೇರಿದರೆ ಸಿಂಟ್ಯಾಕ್ಸ್ ಎರರ್ ಖಾತ್ರಿ, ಎಲ್ಲಿ ತಪ್ಪಿದೆ ಅಂತ ನೋಡಿದರೂ ಕಾಣೋದಿಲ್ಲ.

ಹಂತ 1: ಬೇಕಾದ್ದನ್ನು ಹಾಕಿಕೊಳ್ಳಿ

ಮೊದಲು ಒಂದು ವರ್ಚುವಲ್ ಎನ್ವಿರಾನ್ಮೆಂಟ್ (ಈ ಆ್ಯಪ್‌ನ ಲೈಬ್ರರಿಗಳಿಗಂತಲೇ ಬೇರೆ ಫೋಲ್ಡರ್) ಮಾಡಿ, ಅದರೊಳಗೆ ಪೈಥಾನ್ ಲೈಬ್ರರಿ ಹಾಕುವ ಪಿಪ್‌ನಿಂದ ಮ್ಯಾಟ್‌ಪ್ಲಾಟ್‌ಲಿಬ್ ಹಾಕಿ. ಈಚಿನ ಉಬುಂಟು, ಡೆಬಿಯನ್‌ಗಳು ಅದರ ಹೊರಗೆ ಪಿಪ್ ಓಡಿಸಲು ಬಿಡುವುದೇ ಇಲ್ಲ. ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಮಾಮೂಲಿ ಇನ್‌ಸ್ಟಾಲರ್ ಹಾಕಿದ್ದರೆ ಈಗಾಗಲೇ ಇರುತ್ತದೆ. ಉಬುಂಟುವಿನಲ್ಲಿ ಅದನ್ನು ಬೇರೆ ಮಾಡಿ ಇಟ್ಟಿದ್ದಾರೆ, ಏಪ್ಟ್‌ನಿಂದ ಪೈಥಾನ್3-ಟಿಕೆ ಅನ್ನೋ ಪ್ಯಾಕೇಜ್ ಹಾಕಬೇಕು. ಪಿಪ್‌ನಿಂದ ಟಿಕಿಂಟರ್ ಹಾಕಲು ಹೋಗಬೇಡಿ.

ಸರಿಯಾಗಿದೆಯಾ ಅಂತ ನೋಡಲು ಟರ್ಮಿನಲ್‌ನಲ್ಲಿ ಪೈಥಾನ್ -ಎಂ ಟಿಕಿಂಟರ್ ಅಂತ ಹೊಡೆಯಿರಿ. ಆವೃತ್ತಿಯ ಸಂಖ್ಯೆ ಇರುವ ಪುಟ್ಟ ವಿಂಡೋ ಬಂದರೆ ಮುಂದೆ ಹೋಗಬಹುದು.

ಹಂತ 2: ಫಿಗರ್, ಆಕ್ಸಿಸ್, ಕ್ಯಾನ್ವಾಸ್

ಈ ಮೂರನ್ನು ಬೇರೆ ಬೇರೆ ಮಾಡಿ ನೋಡಲು ಕಲಿತರೆ ಉಳಿದಿದ್ದೆಲ್ಲ ಸಲೀಸು. ಫಿಗರ್ ಅಂದರೆ ಇಡೀ ಚಿತ್ರ. ಆಕ್ಸಿಸ್ ಅಂದರೆ ಚಿತ್ರದೊಳಗಿನ ಒಂದು ಗ್ರಾಫ್, ಅದರ ಅಂಚು, ಅಂಕಿಗಳು, ಗೆರೆಗಳು ಎಲ್ಲ ಸೇರಿ. ಒಂದು ಫಿಗರ್‌ನಲ್ಲಿ ಎಷ್ಟು ಆಕ್ಸಿಸ್ ಬೇಕಾದರೂ ಇರಬಹುದು. ಇವೆರಡಕ್ಕೂ ಪರದೆ ಅಂದರೆ ಏನು, ಮೌಸ್ ಅಂದರೆ ಏನು ಅನ್ನೋದೇ ಗೊತ್ತಿಲ್ಲ. ಅದನ್ನು ತಿಳಿದಿರೋದು ಕ್ಯಾನ್ವಾಸ್. ಟಿಕಿಂಟರ್‌ಗೆ ಒಂದು ಕ್ಯಾನ್ವಾಸ್ ಇದೆ, ಅದರಂಥದೇ ಬೇರೆ ವಿಂಡೋ ಲೈಬ್ರರಿಗಳಾದ ಕ್ಯೂಟಿಗೆ ಇನ್ನೊಂದು, ಡಬ್ಲ್ಯೂಎಕ್ಸ್‌ಗೆ, ಜಿಟಿಕೆಗೆ ಮತ್ತೊಂದು. ಫಿಗರ್ ಮಾತ್ರ ಎಲ್ಲಾ ಕಡೆ ಅದೇ. ನಾಳೆ ಟಿಕಿಂಟರ್ ಬಿಟ್ಟು ಕ್ಯೂಟಿಗೆ ಹೋದರೆ ಕ್ಯಾನ್ವಾಸ್ ಒಂದನ್ನು ಬದಲಾಯಿಸಿದರೆ ಗ್ರಾಫ್‌ನ ಕೋಡ್ ಹಾಗೇ ಉಳಿಯುತ್ತದೆ.

ಕ್ಯಾನ್ವಾಸ್‌ಗಳ ಹೆಸರಿನ ಕೊನೆಯಲ್ಲಿ ಆ್ಯಗ್ ಅಂತ ಬರುತ್ತದಲ್ಲ, ಅದು ಆ್ಯಂಟಿ-ಗ್ರೇನ್ ಜಿಯಾಮೆಟ್ರಿ ಅನ್ನೋ ಚಿತ್ರ ಬಿಡಿಸುವ ಲೈಬ್ರರಿ. ಗೆರೆಗಳನ್ನು ಪಿಕ್ಸೆಲ್ ಮಾಡೋದು ಅದು. ಟಿಕಿಂಟರ್ ಆ ಪಿಕ್ಸೆಲ್‌ಗಳನ್ನು ತೆಗೆದುಕೊಂಡು ತೋರಿಸುತ್ತದೆ ಅಷ್ಟೆ. ಇದು ಈಗ ಬೇಡದ ವಿವರ ಅನ್ನಿಸಬಹುದು, ಕನ್ನಡ ಅಕ್ಷರದ ವಿಷಯ ಬಂದಾಗ ಬೇಕಾಗುತ್ತದೆ.

ಹಂತ 3: ಗ್ರಾಫ್‌ಗೆ ಜಾಗ ಕೊಡಿ

ಇಂಪೋರ್ಟ್ ಹೀಗಿರಲಿ: ಮ್ಯಾಟ್‌ಪ್ಲಾಟ್‌ಲಿಬ್‌ನ ಫಿಗರ್ ಮಾಡ್ಯೂಲ್‌ನಿಂದ ಫಿಗರ್ ಕ್ಲಾಸ್, ಬ್ಯಾಕೆಂಡ್ಸ್ (ಚಿತ್ರವನ್ನು ಪರದೆಗೋ ಫೈಲಿಗೋ ಬಿಡಿಸುವ ಭಾಗಗಳು) ಒಳಗಿನ ಬ್ಯಾಕೆಂಡ್_ಟಿಕೆಆ್ಯಗ್‌ನಿಂದ ಫಿಗರ್‌ಕ್ಯಾನ್ವಾಸ್‌ಟಿಕೆಆ್ಯಗ್ ಮತ್ತು ನ್ಯಾವಿಗೇಶನ್‌ಟೂಲ್‌ಬಾರ್2ಟಿಕೆ. ಆಮೇಲೆ ಟಿಕಿಂಟರ್‌ನ ರೂಟ್ ವಿಂಡೋ ಮಾಡಿ, ಅದರಲ್ಲಿ ಎರಡು ಫ್ರೇಮ್ ಇಡಿ: ಮೇಲೆ ಆಯ್ಕೆ ಪಟ್ಟಿಗೊಂದು, ಕೆಳಗೆ ಗ್ರಾಫ್‌ಗೊಂದು. ಗ್ರಾಫ್‌ನ ಭಾಗ ನಾಲ್ಕೇ ಸಾಲು.

ಫಿಗ್ = ಫಿಗರ್(ಫಿಗ್‌ಸೈಜ್=(7, 4), ಡಿಪಿಐ=100, ಲೇಔಟ್="ಕನ್‌ಸ್ಟ್ರೇನ್ಡ್")
ಎಎಕ್ಸ್ = ಫಿಗ್.ಆಡ್_ಸಬ್‌ಪ್ಲಾಟ್()
ಕ್ಯಾನ್ವಾಸ್ = ಫಿಗರ್‌ಕ್ಯಾನ್ವಾಸ್‌ಟಿಕೆಆ್ಯಗ್(ಫಿಗ್, ಮಾಸ್ಟರ್=ಗ್ರಾಫ್_ಫ್ರೇಮ್)
ಕ್ಯಾನ್ವಾಸ್.ಗೆಟ್_ಟಿಕೆ_ವಿಜೆಟ್().ಪ್ಯಾಕ್(ಫಿಲ್="ಬೋತ್", ಎಕ್ಸ್‌ಪ್ಯಾಂಡ್=ಟ್ರೂ)

ಫಿಗ್‌ಸೈಜ್ ಇಂಚಿನಲ್ಲಿದೆ. 7 ಇಂಚು, ಇಂಚಿಗೆ 100 ಚುಕ್ಕಿ ಅಂದರೆ 700 ಪಿಕ್ಸೆಲ್ ಅಗಲ. ಇದು ಶುರುವಿನ ಅಳತೆ ಮಾತ್ರ, ವಿಂಡೋ ಎಳೆದರೆ ಗ್ರಾಫ್ ತಾನೂ ಹಿಗ್ಗುತ್ತದೆ. ಹಿಗ್ಗದಿದ್ದರೆ ತಪ್ಪು ಗ್ರಾಫ್‌ನಲ್ಲಿಲ್ಲ, ಎಕ್ಸ್‌ಪ್ಯಾಂಡ್ ಬಿಟ್ಟುಹೋಗಿದೆ, ಇಲ್ಲವೇ ಹೊರಗಿನ ಫ್ರೇಮ್‌ಗೆ ಹಾಕಿಲ್ಲ. ಎರಡಕ್ಕೂ ಬೇಕು. ಕನ್‌ಸ್ಟ್ರೇನ್ಡ್ ಲೇಔಟ್ ಹಾಕಿದರೆ ದಿನಾಂಕಗಳು ಕೆಳಗೆ ಕತ್ತರಿಸಿ ಹೋಗುವುದಿಲ್ಲ.

ನಾಲ್ಕನೆಯ ಸಾಲಿನಲ್ಲಿ ಪ್ಯಾಕ್ ಮಾಡಿದ್ದು ಕ್ಯಾನ್ವಾಸ್ ಅನ್ನಲ್ಲ, ಅದರೊಳಗಿನ ಟಿಕೆ ವಿಜೆಟ್ (ವಿಂಡೋದಲ್ಲಿ ಇಡುವ ಬಿಡಿ ಭಾಗ) ಅನ್ನು, ಗಮನಿಸಿ. ನೇರವಾಗಿ ಕ್ಯಾನ್ವಾಸ್‌ಗೇ ಪ್ಯಾಕ್ ಅಂದರೆ ಹಾಗೊಂದು ಅಟ್ರಿಬ್ಯೂಟ್ ಇಲ್ಲ ಅಂತ ಬರುತ್ತದೆ.

ಹಂತ 4: ಟೂಲ್‌ಬಾರ್

ಝೂಮ್, ಎಳೆದಾಡುವ ಕೈ, ಸೇವ್, ಹೋಮ್ ಬಟನ್ ಇರುವ ಪಟ್ಟಿಯನ್ನು ಪುಕ್ಕಟೆ ಕೊಡುತ್ತಾರೆ, ಬಿಡಬೇಡಿ. ನ್ಯಾವಿಗೇಶನ್‌ಟೂಲ್‌ಬಾರ್2ಟಿಕೆಗೆ ಕ್ಯಾನ್ವಾಸ್ ಮತ್ತು ಫ್ರೇಮ್ ಕೊಟ್ಟರೆ ಆಯಿತು. ಆದರೆ ಅದು ಹೇಳದೆ ಕೇಳದೆ ತನ್ನನ್ನು ತಾನೇ ಪ್ಯಾಕ್ ಮಾಡಿಕೊಳ್ಳುತ್ತದೆ. ನೀವು ಆ ಫ್ರೇಮ್‌ನಲ್ಲಿ ಪ್ಯಾಕ್ ಬದಲು ಅಡ್ಡ-ಉದ್ದ ಸಾಲಿನಲ್ಲಿ ಜೋಡಿಸುವ ಗ್ರಿಡ್ ಬಳಸಿದ್ದರೆ ಎರಡೂ ಒಂದೇ ಕಡೆ ಸೇರಿ ಟಿಕೆ ತಕ್ಷಣ ಎರರ್ ಕೊಡುತ್ತದೆ. ಒಂದೇ ಪೇರೆಂಟ್ ಒಳಗೆ ಪ್ಯಾಕ್ ಮತ್ತು ಗ್ರಿಡ್ ಎರಡೂ ಸಲ್ಲದು. ಅದಕ್ಕೇ ಪ್ಯಾಕ್_ಟೂಲ್‌ಬಾರ್=ಫಾಲ್ಸ್ ಅಂತ ಕೊಟ್ಟು, ಎಲ್ಲಿ ಬೇಕೋ ಅಲ್ಲಿ ನೀವೇ ಇಡಿ. ಪ್ಯಾಕ್ ಬಳಸುವವರು ಟೂಲ್‌ಬಾರ್ ಅನ್ನು ಮೊದಲು ಸೈಡ್="ಬಾಟಮ್" ಅಂತ ಇಟ್ಟು, ಆಮೇಲೆ ಗ್ರಾಫ್ ಇಡೋದು ಒಳ್ಳೆಯದು. ಇಲ್ಲದಿದ್ದರೆ ವಿಂಡೋ ಚಿಕ್ಕದು ಮಾಡಿದಾಗ ಗ್ರಾಫ್ ಜಾಗವನ್ನೆಲ್ಲ ನುಂಗಿ ಟೂಲ್‌ಬಾರ್ ಮಾಯವಾಗುತ್ತದೆ.

ಹಂತ 5: ಡೇಟಾ ಓದುವುದು

ಇಲ್ಲಿ ಅವಸರ ಮಾಡಬೇಡಿ. ಗ್ರಾಫ್ ಕೆಟ್ಟು ಕಾಣುವುದರಲ್ಲಿ ಮುಕ್ಕಾಲು ಪಾಲು ಡೇಟಾ ಓದುವ ಕಡೆಯೇ ಇರುತ್ತದೆ.

ಎಕ್ಸೆಲ್‌ನಲ್ಲಿ ಕನ್ನಡ ಹೆಸರು ಬರೆದು ಮಾಮೂಲಿ ಸಿಎಸ್‌ವಿ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಡುತ್ತದೆ, ವಾಪಸ್ ತರಲು ಆಗುವುದಿಲ್ಲ. ಸಿಎಸ್‌ವಿ ಯುಟಿಎಫ್-8 ಅನ್ನೋ ಆಯ್ಕೆಯನ್ನೇ ತೆಗೆದುಕೊಳ್ಳಿ. ಹಾಗೆ ಸೇವ್ ಮಾಡಿದಾಗ ಎಕ್ಸೆಲ್ ಫೈಲಿನ ಮೊದಲಿಗೆ ಕಾಣದ ಒಂದು ಗುರುತು ಸೇರಿಸುತ್ತದೆ. ಅದರಿಂದ ಮೊದಲ ಕಾಲಂ ಹೆಸರು ದಿನಾಂಕ ಅಂತ ಕಂಡರೂ ಪೈಥಾನ್‌ಗೆ ಅದು ಬೇರೆಯೇ ಹೆಸರು, ಸಿಎಸ್‌ವಿ ಓದುವ ಡಿಕ್ಟ್‌ರೀಡರ್‌ನಲ್ಲಿ ಕೀ ಎರರ್ ಬರುತ್ತದೆ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8-ಸಿಗ್ ಅಂತ ಕೊಟ್ಟರೆ ಆ ಗುರುತನ್ನು ಅದೇ ನುಂಗಿಕೊಳ್ಳುತ್ತದೆ.

ಎರಡನೆಯದು ದಿನಾಂಕ. 05-08-2024 ಅನ್ನೋದನ್ನು ಸ್ಟ್ರಿಂಗ್ ಆಗಿಯೇ ಪ್ಲಾಟ್‌ಗೆ ಕೊಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ಎರರ್ ಕೊಡೋದಿಲ್ಲ, ಅದೇ ಅಪಾಯ. ಪ್ರತಿ ದಿನಾಂಕವೂ ಒಂದು ಬಿಡಿ ಹೆಸರು ಅಂದುಕೊಂಡು ಕೆಳಗಡೆ ಅಷ್ಟೂ ದಿನಗಳ ಹೆಸರನ್ನು ಒತ್ತೊತ್ತಾಗಿ ಬರೆಯುತ್ತದೆ, ಮೂರು ತಿಂಗಳ ಡೇಟಾ ಇದ್ದರೆ ಕಪ್ಪು ಪಟ್ಟಿಯೇ ಕಾಣೋದು. ಇನ್ನೂ ಕೆಟ್ಟದ್ದು, ನಡುವೆ ಒಂದು ವಾರದ ಅಂಕಿ ಇಲ್ಲದಿದ್ದರೂ ಅಕ್ಕಪಕ್ಕದ ಎರಡು ದಿನ ಅಂತಲೇ ಗೆರೆ ಎಳೆಯುತ್ತದೆ. ಹಾಗಾಗಿ ಡೇಟ್‌ಟೈಮ್‌ನ ಎಸ್‌ಟಿಆರ್‌ಪಿಟೈಮ್ ಬಳಸಿ ನಿಜವಾದ ದಿನಾಂಕ ಮಾಡಿಕೊಳ್ಳಿ, ದಿನ ಮೊದಲು, ತಿಂಗಳು ಆಮೇಲೆ, ವರ್ಷ ಕೊನೆಗೆ. ಮಟ್ಟವನ್ನೂ ಫ್ಲೋಟ್ ಮಾಡಿ. ಸ್ಟ್ರಿಂಗ್ ಆಗಿ ಬಿಟ್ಟರೆ ಅಲ್ಲೂ ಇದೇ ಕತೆ: ವೈ ಅಕ್ಷದಲ್ಲಿ 98.20 ಅಡಿಯ ಮೇಲೆ 97.60 ಕೂತಿರುತ್ತದೆ.

ಓದಿದ್ದನ್ನು ಒಂದು ಡಿಕ್ಷನರಿಯಲ್ಲಿ ಜಲಾಶಯದ ಹೆಸರಿಗೆ ದಿನಗಳ ಲಿಸ್ಟ್, ಮಟ್ಟಗಳ ಲಿಸ್ಟ್ ಅಂತ ಇಟ್ಟುಕೊಳ್ಳಿ. ಡೇಟಾ ಲೈಬ್ರರಿ ಪಾಂಡಾಸ್ ಗೊತ್ತಿದ್ದರೆ ಅದೂ ಆಗುತ್ತದೆ, ಇಷ್ಟಕ್ಕೆ ಬೇಕೇ ಬೇಕು ಅಂತಿಲ್ಲ.

ಹಂತ 6: ಒಂದು ಸಲ ಬರೆಯಿರಿ, ಆಮೇಲೆ ಬದಲಾಯಿಸಿ

ಪಟ್ಟಿಯಲ್ಲಿ ಜಲಾಶಯ ಬದಲಾಯಿಸಿದಾಗ ಗ್ರಾಫ್ ಬದಲಾಗಬೇಕು. ಜಾಸ್ತಿ ಜನ ಮಾಡೋದು ಏನಂದರೆ, ಪ್ರತಿ ಸಲ ಹೊಸ ಫಿಗರ್, ಹೊಸ ಕ್ಯಾನ್ವಾಸ್ ಮಾಡಿ ಪ್ಯಾಕ್ ಮಾಡೋದು. ಒಂದು ಗ್ರಾಫ್‌ನ ಕೆಳಗೆ ಇನ್ನೊಂದು ಬಂದು ಕೂರುತ್ತದೆ. ಆಮೇಲೆ ಹಳೆಯದನ್ನು ಡಿಸ್ಟ್ರಾಯ್ ಮಾಡಲು ಶುರು ಮಾಡುತ್ತಾರೆ, ಮೆಮೊರಿ ಏರುತ್ತದೆ, ಬದಲಾಯಿಸಿದಾಗೆಲ್ಲ ಪರದೆ ಮಿಣುಕುತ್ತದೆ. ಬೇಡ. ಫಿಗರ್, ಆಕ್ಸಿಸ್, ಕ್ಯಾನ್ವಾಸ್, ಗೆರೆ ಎಲ್ಲವನ್ನೂ ಆ್ಯಪ್ ಶುರುವಾದಾಗ ಒಂದೇ ಸಲ ಮಾಡಿ ಇಟ್ಟುಕೊಳ್ಳಿ. ಗೆರೆಗೆ ಶುರುವಿನಲ್ಲಿ ಖಾಲಿ ಲಿಸ್ಟ್ ಕೊಟ್ಟರೂ ನಡೆಯುತ್ತದೆ, ಆದರೆ ದಿನಾಂಕದ ಅಕ್ಷ ಸರಿಯಾಗಿ ಬರಲು ಮೊದಲ ಜಲಾಶಯದ ಡೇಟಾವನ್ನೇ ಕೊಟ್ಟುಬಿಡೋದು ವಾಸಿ.

ಗೆರೆ, = ಎಎಕ್ಸ್.ಪ್ಲಾಟ್(ದಿನಗಳು, ಮಟ್ಟಗಳು)
ಗರಿಷ್ಠ = ಎಎಕ್ಸ್.ಎಎಕ್ಸ್‌ಎಚ್‌ಲೈನ್(124.80, ಲೈನ್‌ಸ್ಟೈಲ್="--")

ಮೊದಲ ಸಾಲಿನಲ್ಲಿ ಗೆರೆ ಆದಮೇಲೆ ಇರುವ ಅಲ್ಪವಿರಾಮ ಕೈತಪ್ಪಿ ಬಂದದ್ದಲ್ಲ. ಪ್ಲಾಟ್ ಕೊಡೋದು ಗೆರೆಗಳ ಲಿಸ್ಟ್, ಅದರಿಂದ ಒಂದನ್ನು ಹೊರಗೆ ತೆಗೆಯುತ್ತಿದ್ದೇವೆ.

ಈಗ ಜಲಾಶಯ ಬದಲಾದಾಗ ಓಡುವ ಫಂಕ್ಷನ್. ಆಯ್ಕೆ ಪಟ್ಟಿಗೆ ಟಿಕಿಂಟರ್‌ನ ಟಿಟಿಕೆ ಕಾಂಬೊಬಾಕ್ಸ್ ಬಳಸಿ, ಸ್ಟೇಟ್ ರೀಡ್‌ಓನ್ಲಿ ಮಾಡಿ, ಇಲ್ಲದಿದ್ದರೆ ಜನ ಅದರಲ್ಲಿ ಏನೇನೋ ಟೈಪ್ ಮಾಡುತ್ತಾರೆ. ಕಾಂಬೊಬಾಕ್ಸ್‌ಸೆಲೆಕ್ಟೆಡ್ ಈವೆಂಟ್‌ಗೆ ಈ ಫಂಕ್ಷನ್ ಬೈಂಡ್ ಮಾಡಿ, ಎರಡೂ ಕಡೆ ಎರಡೆರಡು ಕೋನ ಬ್ರಾಕೆಟ್ ಇರಬೇಕು. ಫಂಕ್ಷನ್ ಒಳಗೆ ಈ ಕ್ರಮದಲ್ಲಿ ಹೋಗಿ:

ಗೆರೆ.ಸೆಟ್_ಡೇಟಾ(ದಿನಗಳು, ಮಟ್ಟಗಳು)
ಗರಿಷ್ಠ.ಸೆಟ್_ವೈಡೇಟಾ([ಮಿತಿ, ಮಿತಿ])
ಎಎಕ್ಸ್.ರಿಲಿಮ್()
ಎಎಕ್ಸ್.ಆಟೋಸ್ಕೇಲ್(ಟ್ರೂ)
ಎಎಕ್ಸ್.ಆಟೋಸ್ಕೇಲ್_ವ್ಯೂ()
ಟೂಲ್‌ಬಾರ್.ಅಪ್‌ಡೇಟ್()
ಕ್ಯಾನ್ವಾಸ್.ಡ್ರಾ_ಐಡಲ್()

ಎರಡನೇ ಸಾಲಿನಲ್ಲಿ ಒಂದೇ ಸಂಖ್ಯೆ ಕೊಡದೆ ಎರಡು ಸಂಖ್ಯೆಯ ಲಿಸ್ಟ್ ಕೊಡಿ, ಈಚಿನ ಆವೃತ್ತಿಗಳು ಒಂಟಿ ಸಂಖ್ಯೆಯನ್ನು ಒಪ್ಪುವುದಿಲ್ಲ. ರಿಲಿಮ್ ಹೊಸ ಡೇಟಾದ ಹೆಚ್ಚು ಕಡಿಮೆ ಲೆಕ್ಕ ಹಾಕುತ್ತದೆ, ಆಟೋಸ್ಕೇಲ್_ವ್ಯೂ ಅದಕ್ಕೆ ತಕ್ಕಂತೆ ಅಕ್ಷ ಹೊಂದಿಸುತ್ತದೆ.

ನಡುವಿನ ಆಟೋಸ್ಕೇಲ್(ಟ್ರೂ) ಯಾಕೆ ಬೇಕು? ಇದನ್ನು ಬಿಟ್ಟು ಆ್ಯಪ್ ಓಡಿಸಿ ನೋಡಿ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಈಗ ಕೆಆರ್‌ಎಸ್ ಗ್ರಾಫ್‌ನಲ್ಲಿ 110ರಿಂದ 120 ಅಡಿಯ ಭಾಗಕ್ಕೆ ಝೂಮ್ ಮಾಡಿ, ಆಮೇಲೆ ಪಟ್ಟಿಯಲ್ಲಿ ಕಬಿನಿ ಆರಿಸಿ. ಗ್ರಾಫ್ ಖಾಲಿ. ಎರರ್ ಇಲ್ಲ, ಗೆರೆಯೂ ಇಲ್ಲ. ಝೂಮ್ ಮಾಡಿದ ಕ್ಷಣವೇ ಆಟೋಸ್ಕೇಲ್ ಆಫ್ ಆಗಿರುತ್ತದೆ, ಅಕ್ಷ ಇನ್ನೂ 110 ಮತ್ತು 120ರ ನಡುವೆಯೇ ನಿಂತಿದೆ, ಕಬಿನಿಯ ಗೆರೆ 2280ರ ಹತ್ತಿರ ಎಲ್ಲೋ ಮೇಲಿದೆ. ಹೋಮ್ ಒತ್ತಿದರೆ ಸರಿಹೋಗಬಹುದು ಅಂದುಕೊಂಡರೆ ಅದು ಕೆಆರ್‌ಎಸ್‌ನ ಹಳೆಯ ಅಳತೆಗೇ ಹೋಗುತ್ತದೆ. ಟೂಲ್‌ಬಾರ್.ಅಪ್‌ಡೇಟ್ ಹಾಕಿರೋದು ಆ ಹಳೆಯ ನೆನಪನ್ನು ಅಳಿಸಲು. ನೀವು ಪರೀಕ್ಷೆ ಮಾಡುವಾಗ ಇದು ಸಿಕ್ಕಿಬೀಳುವುದಿಲ್ಲ, ಯಾಕಂದರೆ ನೀವು ಝೂಮ್ ಮಾಡಿ ಜಲಾಶಯ ಬದಲಾಯಿಸಿರೋದಿಲ್ಲ. ಬಳಸುವವರು ಮೊದಲ ದಿನವೇ ಮಾಡುತ್ತಾರೆ.

ಕೊನೆಯದು ಡ್ರಾ_ಐಡಲ್. ಬರೀ ಡ್ರಾ ಅಂದರೆ ಆ ಕ್ಷಣವೇ ಪೂರ್ತಿ ಬಿಡಿಸುತ್ತದೆ. ಡ್ರಾ_ಐಡಲ್ ಅಂದರೆ ಬಿಡುವಾದಾಗ ಬಿಡಿಸು ಅಂತ. ಒಂದರ ಹಿಂದೆ ಒಂದು ಹತ್ತು ಸಲ ಕರೆದರೂ ಒಂದೇ ಸಲ ಬಿಡಿಸುತ್ತದೆ. ಆ್ಯಪ್ ಒಳಗೆ ಇದೇ ಸರಿ. ಎರಡೂ ಮರೆತರೆ ಡೇಟಾ ಬದಲಾಗಿರುತ್ತದೆ, ಪರದೆ ಮಾತ್ರ ಹಾಗೇ ಇರುತ್ತದೆ. ವಿಂಡೋ ಸ್ವಲ್ಪ ಎಳೆದ ತಕ್ಷಣ ಹೊಸ ಗ್ರಾಫ್ ಬಂತು ಅಂದರೆ ಇದನ್ನೇ ಮರೆತಿದ್ದೀರಿ ಅಂತ ತಿಳಿಯಿರಿ.

ನಾಲ್ಕೂ ಜಲಾಶಯ ಒಟ್ಟಿಗೆ ಬೇಕು ಅಂದರೆ

ಯಾರಾದರೂ ಕೇಳೇ ಕೇಳುತ್ತಾರೆ. ಅಡಿ ಲೆಕ್ಕದಲ್ಲೇ ಒಂದೇ ಅಕ್ಷದ ಮೇಲೆ ಹಾಕಬೇಡಿ. ಕೆಆರ್‌ಎಸ್‌ನ 124.80 ಅನ್ನೋದು ಅಣೆಕಟ್ಟೆಯದೇ ಸ್ಥಳೀಯ ಲೆಕ್ಕ, ಉಳಿದ ಮೂರರ ಅಡಿ ಸಮುದ್ರ ಮಟ್ಟದಿಂದ. ಕೆಆರ್‌ಎಸ್ ತಳಕ್ಕೆ ಅಂಟಿಕೊಂಡ ನೇರ ಗೆರೆಯಾಗುತ್ತದೆ, ಉಳಿದವು ಮೇಲೆ ಇನ್ನು ಮೂರು ನೇರ ಗೆರೆ. ಬಲಗಡೆ ಎರಡನೇ ಅಕ್ಷ ಹಾಕುವ ಟ್ವಿನ್‌ಎಕ್ಸ್ ಇದೆ, ನನಗೆ ಅದು ಅಷ್ಟಾಗಿ ಹಿಡಿಸೋದಿಲ್ಲ, ಯಾವ ಗೆರೆ ಯಾವ ಅಕ್ಷದ್ದು ಅಂತ ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಅದರ ಬದಲು ನೀರಿನ ಸಂಗ್ರಹವನ್ನು ಶೇಕಡಾ ಲೆಕ್ಕಕ್ಕೆ ತನ್ನಿ. ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ, ಕಬಿನಿ 19.52, ಹೇಮಾವತಿ 37.10, ಹಾರಂಗಿ 8.50. ಸಿಎಸ್‌ವಿಯಲ್ಲಿ ಟಿಎಂಸಿಗೂ ಒಂದು ಕಾಲಂ ಸೇರಿಸಿ, ಇವತ್ತಿನ ಟಿಎಂಸಿಯನ್ನು ಇದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಾಲ್ಕೂ ಸೊನ್ನೆಯಿಂದ ನೂರರೊಳಗೆ ಬರುತ್ತವೆ. ಅಡಿಯನ್ನು ಅಡಿಯಿಂದ ಭಾಗಿಸಿ ಶೇಕಡಾ ಮಾಡಬೇಡಿ, ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಕೊನೆಯ ಹತ್ತು ಅಡಿಯಲ್ಲಿ ಹಿಡಿಯುವ ನೀರು ತಳದ ಹತ್ತು ಅಡಿಗಿಂತ ಎಷ್ಟೋ ಜಾಸ್ತಿ.

ಮಟ್ಟ ತೀರಾ ಕಡಿಮೆ ಏರಿಳಿದಾಗ ವೈ ಅಕ್ಷದಲ್ಲಿ 0.2, 0.4 ಅಂತ ಬರೆದು, ಮೂಲೆಯಲ್ಲಿ ಕೂಡಿಸಬೇಕಾದ ದೊಡ್ಡ ಸಂಖ್ಯೆ ಬರೆಯುವ ಅಭ್ಯಾಸ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಇದೆ. ಟಿಕ್‌ಲೇಬಲ್_ಫಾರ್ಮ್ಯಾಟ್‌ಗೆ ವೈ ಅಕ್ಷ ಅಂತ ಹೇಳಿ ಯೂಸ್‌ಆಫ್‌ಸೆಟ್=ಫಾಲ್ಸ್ ಕೊಟ್ಟರೆ ನಿಲ್ಲುತ್ತದೆ.

ಕನ್ನಡ ಅಕ್ಷರದ ಪಾಡು

ಗ್ರಾಫ್‌ಗೆ ಕನ್ನಡದಲ್ಲಿ ಶೀರ್ಷಿಕೆ ಕೊಟ್ಟ ತಕ್ಷಣ ಸಾಲಾಗಿ ಖಾಲಿ ಡಬ್ಬಿಗಳು ಬರುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಫಾಂಟ್ ಡೆಜಾವು ಸ್ಯಾನ್ಸ್, ಅದರಲ್ಲಿ ಕನ್ನಡ ಇಲ್ಲ. ಫಾಂಟ್ ಕೊಡೋದು ಸುಲಭ: ನೋಟೊ ಸ್ಯಾನ್ಸ್ ಕನ್ನಡ ಫೈಲನ್ನು ಆ್ಯಪ್ ಫೋಲ್ಡರಿನಲ್ಲೇ ಇಟ್ಟು, ಫಾಂಟ್‌ಮ್ಯಾನೇಜರ್‌ನ ಆಡ್‌ಫಾಂಟ್‌ಗೆ ಅದರ ದಾರಿ ಕೊಟ್ಟು, ಮ್ಯಾಟ್‌ಪ್ಲಾಟ್‌ಲಿಬ್‌ನ ಸೆಟ್ಟಿಂಗ್‌ಗಳಿರುವ ಆರ್‌ಸಿಪ್ಯಾರಮ್ಸ್‌ನ ಫಾಂಟ್.ಫ್ಯಾಮಿಲಿಗೆ ಎರಡು ಹೆಸರಿನ ಲಿಸ್ಟ್ ಕೊಡಿ, ಮೊದಲು ನೋಟೊ, ಆಮೇಲೆ ಡೆಜಾವು. ಒಂದರಲ್ಲಿ ಸಿಗದ ಅಕ್ಷರವನ್ನು ಇನ್ನೊಂದರಲ್ಲಿ ಹುಡುಕುವ ಅನುಕೂಲ 2022ರಲ್ಲಿ ಬಂದ 3.6ನೇ ಆವೃತ್ತಿಯಿಂದ ಇದೆ.

ಡಬ್ಬಿ ಹೋಗುತ್ತದೆ, ಕನ್ನಡ ಬರುತ್ತದೆ, ಆದರೆ ಮುರಿದ ಕನ್ನಡ. ಕೃಷ್ಣರಾಜಸಾಗರ ಅಂತ ಬರೆದರೆ ಷ ಅಕ್ಷರದ ಕೆಳಗೆ ಬರಬೇಕಾದ ಣ ಒತ್ತು ಪಕ್ಕಕ್ಕೆ ಬಂದು ಪೂರ್ತಿ ಅಕ್ಷರವಾಗಿ ನಿಲ್ಲುತ್ತದೆ. ಕಬಿನಿಯ ಗುಡಿಸು ಅಕ್ಷರದ ಜೊತೆ ಬೆಸೆಯದೆ ಬೇರೆಯಾಗಿ ಕೂರುತ್ತದೆ. ಫಾಂಟಿನ ತಪ್ಪಲ್ಲ ಇದು. ಕನ್ನಡದಲ್ಲಿ ಅಕ್ಷರ, ಕಾಗುಣಿತ, ಒತ್ತು ಮೂರನ್ನೂ ನೋಡಿ ಸರಿಯಾದ ಆಕಾರ ಆರಿಸುವ ಒಂದು ಹೆಜ್ಜೆ ಬೇಕು, ಬ್ರೌಸರುಗಳಲ್ಲಿ ಅದನ್ನು ಹಾರ್ಫ್‌ಬಜ್‌ನಂಥ ಲೈಬ್ರರಿ ಮಾಡುತ್ತದೆ. ಆ್ಯಗ್ ದಾರಿಯಲ್ಲಿ ಬಹುಕಾಲದಿಂದ ಆ ಹೆಜ್ಜೆಯೇ ಇಲ್ಲ, ಅಕ್ಷರಗಳನ್ನು ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತದೆ. ಹಾಗಾಗಿ ನಿಮ್ಮ ಆವೃತ್ತಿಯಲ್ಲಿ ಒತ್ತಕ್ಷರ ಇರುವ ಒಂದು ಪದ ಬರೆದು ಕಣ್ಣಾರೆ ನೋಡಿ, ಆಮೇಲೆ ಮುಂದುವರಿಯಿರಿ.

ಮುರಿದು ಬಂದರೆ ನಾನು ಹೇಳೋದು ಸುಲಭದ ದಾರಿ. ಗ್ರಾಫ್ ಒಳಗೆ ಅಂಕಿಗಳನ್ನು ಮಾತ್ರ ಬಿಡಿ. ದಿನಾಂಕಕ್ಕೆ ಡೇಟ್‌ಫಾರ್ಮ್ಯಾಟರ್ ಕೊಟ್ಟು 05-08 ಅನ್ನೋ ರೀತಿ ತನ್ನಿ. ಶೀರ್ಷಿಕೆ, ಅಕ್ಷದ ಹೆಸರು, ಯಾವ ಬಣ್ಣ ಯಾವುದಕ್ಕೆ ಅನ್ನೋದನ್ನೆಲ್ಲ ಗ್ರಾಫ್‌ನ ಹೊರಗೆ ಟಿಕಿಂಟರ್ ಲೇಬಲ್‌ನಲ್ಲಿ ಬರೆಯಿರಿ. ನಾವು ಗ್ರಾಫ್ ಅನ್ನು ಆ್ಯಪ್ ಒಳಗೆ ಕೂರಿಸಿರುವುದರಿಂದ ಈ ಸ್ವಾತಂತ್ರ್ಯ ಇದೆ, ಅದನ್ನು ಬಳಸಿಕೊಳ್ಳಬೇಕು ಅಲ್ವಾ. ವಿಂಡೋಸ್‌ನಲ್ಲಿ ಲೇಬಲ್‌ನ ಕನ್ನಡ ಚೆನ್ನಾಗಿ ಬರುತ್ತದೆ, ಅಲ್ಲಿ ಅಕ್ಷರ ಜೋಡಿಸುವುದು ವಿಂಡೋಸೇ. ಲಿನಕ್ಸ್‌ನಲ್ಲಿ ಟಿಕೆ 8.6 ಕೂಡ ಆ ಹೆಜ್ಜೆ ಮಾಡುವುದಿಲ್ಲ, ಅಲ್ಲಿ ಲೇಬಲ್ಲೂ ಮುರಿಯುತ್ತದೆ. ಲಿನಕ್ಸ್‌ನಲ್ಲಿ ಕನ್ನಡ ಆ್ಯಪ್ ಬೇಕೇ ಬೇಕು ಅನ್ನುವವರು ಟಿಕಿಂಟರ್ ಬಿಟ್ಟು ಕ್ಯೂಟಿಗೆ ಹೋಗೋದೇ ಸರಿ, ಅದರಲ್ಲಿ ಹಾರ್ಫ್‌ಬಜ್ ಒಳಗೇ ಇದೆ. ಸೇವ್ ಮಾಡಿದ ಚಿತ್ರದಲ್ಲೂ ಕನ್ನಡ ಬೇಕು ಅಂದರೆ ಎಂಪಿಎಲ್‌ಕೈರೋ ಅನ್ನೋ ಬೇರೆ ಬ್ಯಾಕೆಂಡ್ ಇದೆ, ರಾಕ್ಮ್ ಲೈಬ್ರರಿ ಜೊತೆಗಿದ್ದರೆ ಅಕ್ಷರ ಸರಿಯಾಗಿ ಜೋಡಿಸುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಲು ಸ್ವಲ್ಪ ತಾಳ್ಮೆ ಬೇಕು.

ಕ್ಯೂಟಿಗೆ ಹೋಗುವವರಿಗೆ ಎರಡು ಮಾತು

ಪೈಥಾನ್‌ನಿಂದ ಕ್ಯೂಟಿ ಬಳಸಲು ಪೈಸೈಡ್6 ಅಥವಾ ಪೈಕ್ಯೂಟಿ6 ಹಾಕಿ. ಎರಡೂ ಹತ್ತಿರ ಹತ್ತಿರ ಒಂದೇ, ಲೈಸೆನ್ಸ್ ಬೇರೆ. ಪೈಕ್ಯೂಟಿ ಜಿಪಿಎಲ್ ಅಥವಾ ದುಡ್ಡು ಕೊಟ್ಟು ಪಡೆಯುವ ಲೈಸೆನ್ಸ್, ಪೈಸೈಡ್ ಎಲ್‌ಜಿಪಿಎಲ್‌ನಲ್ಲೂ ಸಿಗುತ್ತದೆ, ಆಫೀಸಿನ ಕೆಲಸಕ್ಕೆ ಅದು ನಿರಾಳ. ಬ್ಯಾಕೆಂಡ್_ಕ್ಯೂಟಿಆ್ಯಗ್‌ನಿಂದ ಫಿಗರ್‌ಕ್ಯಾನ್ವಾಸ್ ತೆಗೆದುಕೊಳ್ಳಿ. ಇಲ್ಲಿ ಕ್ಯಾನ್ವಾಸ್ ತಾನೇ ವಿಜೆಟ್, ಗೆಟ್_ಟಿಕೆ_ವಿಜೆಟ್‌ನಂಥ ಸುತ್ತು ಇಲ್ಲ, ನೇರವಾಗಿ ಲೇಔಟ್‌ಗೆ ಆಡ್‌ವಿಜೆಟ್ ಮಾಡಬಹುದು. ಒಂದೇ ಕಡೆ ಎರಡೂ ಲೈಬ್ರರಿ ಇದ್ದರೆ ಮೊದಲು ನಿಮಗೆ ಬೇಕಾದ ಕ್ಯೂಟಿಯನ್ನು ಇಂಪೋರ್ಟ್ ಮಾಡಿ, ಆಮೇಲೆ ಮ್ಯಾಟ್‌ಪ್ಲಾಟ್‌ಲಿಬ್. ಹಂತ 5 ಮತ್ತು 6ರ ಗ್ರಾಫ್ ಕೋಡ್ ಹಾಗೆಯೇ ನಡೆಯುತ್ತದೆ, ಕಾಂಬೊಬಾಕ್ಸ್‌ನ ಬೈಂಡ್ ಮಾತ್ರ ಬದಲಾಗುತ್ತದೆ.

ಹಂತ 7: ಕ್ಲಿಕ್ ಮಾಡಿದರೆ ಅಂಕಿ ತೋರಿಸಿ

ಕ್ಯಾನ್ವಾಸ್.ಎಂಪಿಎಲ್_ಕನೆಕ್ಟ್‌ಗೆ ಬಟನ್_ಪ್ರೆಸ್_ಈವೆಂಟ್ ಅನ್ನೋ ಹೆಸರು ಮತ್ತು ನಿಮ್ಮ ಫಂಕ್ಷನ್ ಕೊಡಿ. ಫಂಕ್ಷನ್‌ಗೆ ಬರುವ ಈವೆಂಟ್‌ನಲ್ಲಿ ಎಕ್ಸ್‌ಡೇಟಾ, ವೈಡೇಟಾ ಅಂತ ಗ್ರಾಫ್‌ನದೇ ಲೆಕ್ಕದ ಅಂಕಿಗಳಿರುತ್ತವೆ. ಮೊದಲು ಈವೆಂಟ್.ಇನ್‌ಆಕ್ಸಿಸ್ ನೋಡಿ. ಗ್ರಾಫ್‌ನ ಹೊರಗಿನ ಬಿಳಿ ಜಾಗದಲ್ಲಿ ಒತ್ತಿದರೆ ಅದು ನನ್ (ಏನೂ ಇಲ್ಲ ಅನ್ನೋ ಪೈಥಾನ್ ಬೆಲೆ) ಆಗಿರುತ್ತದೆ, ಎಕ್ಸ್‌ಡೇಟಾವೂ ನನ್, ಹಾಗೇ ಮುಂದೆ ಹೋದರೆ ಎರರ್. ಎಕ್ಸ್‌ಡೇಟಾ ದಿನಾಂಕವಾಗಿ ಬರುವುದಿಲ್ಲ, ಬರೀ ಸಂಖ್ಯೆ, ಡೇಟ್ಸ್ ಮಾಡ್ಯೂಲಿನ ನಮ್2ಡೇಟ್ ಅದನ್ನು ದಿನಾಂಕ ಮಾಡುತ್ತದೆ. ಹತ್ತಿರದ ದಿನ ಹುಡುಕಿ, ಆ ದಿನದ ಮಟ್ಟವನ್ನು ಕೆಳಗಿನ ಲೇಬಲ್‌ನಲ್ಲಿ ತೋರಿಸಿ. ಒಂದು ಎಚ್ಚರ: ಮ್ಯಾಟ್‌ಪ್ಲಾಟ್‌ಲಿಬ್ ಮೆಥಡ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಕ್ಲಾಸ್ ಒಳಗಿನ ಮೆಥಡ್ ಕೊಟ್ಟು, ಆ ಕ್ಲಾಸಿನ ವಸ್ತುವನ್ನು ಎಲ್ಲೂ ಇಟ್ಟುಕೊಳ್ಳದಿದ್ದರೆ ಸದ್ದಿಲ್ಲದೆ ಕ್ಲಿಕ್ ನಿಂತುಹೋಗುತ್ತದೆ.

ಹಂತ 8: ತಾನಾಗಿ ಬದಲಾಗುವ ಗ್ರಾಫ್

ಮಟ್ಟ ಅಳೆಯುವ ಸೆನ್ಸರ್‌ನಿಂದ ಅಂಕಿ ಬರುತ್ತಲೇ ಇದ್ದರೆ? ವೈಲ್ ಲೂಪ್ ಬರೆದು ಅದರಲ್ಲಿ ಟೈಮ್.ಸ್ಲೀಪ್ ಹಾಕಿದರೆ ಆ್ಯಪ್ ಹೆಪ್ಪುಗಟ್ಟುತ್ತದೆ, ವಿಂಡೋಸ್ ಮೇಲೆ ಉತ್ತರಿಸುತ್ತಿಲ್ಲ ಅಂತ ಬರೆದುಕೊಳ್ಳುತ್ತದೆ. ರೂಟ್.ಆಫ್ಟರ್ ಬಳಸಿ. ಆಫ್ಟರ್‌ಗೆ 1000 ಮತ್ತು ಫಂಕ್ಷನ್ ಹೆಸರು ಕೊಟ್ಟರೆ ಒಂದು ಸೆಕೆಂಡ್ ಆದಮೇಲೆ ಟಿಕಿಂಟರ್ ಅದನ್ನು ಕರೆಯುತ್ತದೆ, ಫಂಕ್ಷನ್‌ನ ಕೊನೆಯಲ್ಲಿ ಮತ್ತೆ ಆಫ್ಟರ್ ಕರೆಯಿರಿ. ಫಂಕ್ಷನ್ ಹೆಸರಿನ ಮುಂದೆ ಬ್ರಾಕೆಟ್ ಹಾಕಬೇಡಿ, ಹಾಕಿದರೆ ಅದು ಆಗಲೇ ಓಡಿಬಿಡುತ್ತದೆ.

ಸೆನ್ಸರ್ ಓದುವುದು ನಿಧಾನವಾದರೆ ಆ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಿ. ಆದರೆ ಆ ಥ್ರೆಡ್ ಗ್ರಾಫ್‌ಗೂ ಟಿಕಿಂಟರ್‌ಗೂ ಕೈ ಹಚ್ಚಬಾರದು. ಅದು ಅಂಕಿಯನ್ನು ಕ್ಯೂನಲ್ಲಿ ಹಾಕಲಿ, ಆಫ್ಟರ್‌ನಲ್ಲಿ ಓಡುವ ಫಂಕ್ಷನ್ ಕ್ಯೂ ಖಾಲಿ ಮಾಡಿ ಗೆರೆ ಬದಲಾಯಿಸಲಿ. ಅಂಕಿಗಳನ್ನು ಮ್ಯಾಕ್ಸ್‌ಲೆನ್ (ಗರಿಷ್ಠ ಉದ್ದ) ಕೊಟ್ಟ ಡೆಕ್ ಅನ್ನೋ ಲಿಸ್ಟಿನಂಥದ್ದರಲ್ಲಿ ಇಟ್ಟರೆ ಹಳೆಯವು ತಾವೇ ಉದುರುತ್ತವೆ. ಸೆಕೆಂಡಿಗೆ ಒಂದೆರಡು ಸಲ ಬದಲಾಯಿಸಲು ಮ್ಯಾಟ್‌ಪ್ಲಾಟ್‌ಲಿಬ್ ಧಾರಾಳ. ಸೆಕೆಂಡಿಗೆ ಹತ್ತಾರು ಸಲ, ಸಾವಿರಾರು ಬಿಂದು ಅಂದರೆ ಅದು ಏದುಸಿರು ಬಿಡುತ್ತದೆ, ಆಗ ಪೈಕ್ಯೂಟಿಗ್ರಾಫ್ ಅನ್ನೋ ಬೇರೆ ಗ್ರಾಫ್ ಲೈಬ್ರರಿ ನೋಡಿ.

ಹಂತ 9: ಬೇರೆಯವರ ಕಂಪ್ಯೂಟರಿಗೆ

ಪೈಇನ್‌ಸ್ಟಾಲರ್ ನಿಮ್ಮ ಆ್ಯಪ್ ಮತ್ತು ಪೈಥಾನ್ ಎಲ್ಲವನ್ನೂ ಸೇರಿಸಿ ಒಂದು ಕಟ್ಟು ಮಾಡುತ್ತದೆ. ಫಾಂಟ್ ಫೈಲನ್ನು ಆಡ್-ಡೇಟಾ ಆಯ್ಕೆಯಲ್ಲಿ ಹೇಳಿ ಸೇರಿಸಬೇಕು. ಟೂಲ್‌ಬಾರ್‌ನಿಂದ ಪಿಡಿಎಫ್, ಎಸ್‌ವಿಜಿ ಸೇವ್ ಮಾಡುವ ಬ್ಯಾಕೆಂಡ್‌ಗಳು ಕಟ್ಟಿನಲ್ಲಿ ಸೇರದೆ ಹೋಗಬಹುದು, ಪರೀಕ್ಷೆ ಮಾಡಿ ನೋಡಿ, ಇಲ್ಲದಿದ್ದರೆ ಹಿಡನ್-ಇಂಪೋರ್ಟ್‌ನಲ್ಲಿ ಅವುಗಳ ಹೆಸರು ಕೊಡಿ. ವಿಂಡೋಸ್‌ನಲ್ಲಿ ಪರದೆಯ ಸ್ಕೇಲ್ 125 ಅಥವಾ 150 ಇದ್ದರೆ ಟಿಕಿಂಟರ್ ಆ್ಯಪ್ ಮಸುಕು ಮಸುಕಾಗಿ ಕಾಣಬಹುದು. ರೂಟ್ ಮಾಡುವ ಮೊದಲೇ ಸಿಟೈಪ್ಸ್ ಮೂಲಕ ಎಸ್‌ಎಚ್‌ಕೋರ್‌ನ ಸೆಟ್‌ಪ್ರೊಸೆಸ್‌ಡಿಪಿಐಅವೇರ್‌ನೆಸ್‌ಗೆ 1 ಕೊಟ್ಟರೆ ಅಕ್ಷರ ಚೂಪಾಗುತ್ತದೆ.

ಕಪ್ಪು ಕನ್ಸೋಲ್ ಕಾಣದಿರಲಿ ಅಂತ ವಿಂಡೋಡ್ ಆಯ್ಕೆ ಕೊಟ್ಟರೆ ಎರರ್ ಬಂದರೂ ಎಲ್ಲೂ ಕಾಣೋದಿಲ್ಲ. ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ ಅಂತ ಫೋನ್ ಬರುತ್ತದೆ, ಅಷ್ಟೆ. ಅದಕ್ಕೆ ರೂಟ್.ರಿಪೋರ್ಟ್_ಕಾಲ್‌ಬ್ಯಾಕ್_ಎಕ್ಸೆಪ್ಶನ್ ಅನ್ನೋದಕ್ಕೆ ನಿಮ್ಮದೇ ಒಂದು ಫಂಕ್ಷನ್ ಕೊಟ್ಟುಬಿಡಿ. ಟಿಕಿಂಟರ್ ಅದಕ್ಕೆ ಎರರ್‌ನ ಬಗೆ, ಎರರ್, ಟ್ರೇಸ್‌ಬ್ಯಾಕ್ ಮೂರನ್ನೂ ಕಳಿಸುತ್ತದೆ. ಟ್ರೇಸ್‌ಬ್ಯಾಕ್ ಅನ್ನು ಒಂದು ಲಾಗ್ ಫೈಲಿಗೆ ಬರೆದು, ಮೆಸೇಜ್‌ಬಾಕ್ಸ್‌ನಲ್ಲಿ ಆ ಫೈಲ್ ಎಲ್ಲಿದೆ ಅಂತ ತೋರಿಸಿ. ಫೋನ್ ಮಾಡಿದವರಿಗೆ ಆ ಫೈಲ್ ಕಳಿಸಿ ಅಂದರೆ ಸಾಕು.